ಇರುಳಿನ ಕೊನೆಯವರೆಗೆ

ಒಂದು ಊರನ್ನು ಅರಿಯುವುದಕ್ಕೆ ದಾರಿಗಳು ಹಲವುಂಟು. ಯಾತ್ರಿಕನು ಅದನ್ನು ಗುಡಿಗೋಪುರಗಳ ಮೂಲಕ ಅರಿಯುತ್ತಾನೆ. ವರ್ತಕನು ಪೇಟೆಯ ಮೂಲಕ. ಅಂಚೆಯವನು ಮನೆಯ ನಂಬರುಗಳ ಮೂಲಕ. ಪ್ರವಾಸಿಯು ಕೈಪಿಡಿ ಹೊಗಳಿದ ಕಟ್ಟಡಗಳ ಮೂಲಕ. ಇವರಲ್ಲಿ ಯಾರೂ ಊರನ್ನು ಪೂರ್ಣವಾಗಿ ಕಂಡವರಲ್ಲ. ತಮ್ಮ ತಮ್ಮ ಕೆಲಸಕ್ಕೆ ಬೇಕಾದಷ್ಟನ್ನು ಕಂಡು ಉಳಿದುದನ್ನು ಬಿಟ್ಟವರು. ಇವರೆಲ್ಲರಿಗಿಂತ ಹೆಚ್ಚಾಗಿ ಊರಿನ ಮೂಲೆಮುಡುಕನ್ನೂ ಗೋಡೆಯ ನೆರಳನ್ನೂ ಬೀದಿಯ ತಿರುವನ್ನೂ ಬಲ್ಲವನು ಇನ್ನೊಬ್ಬನಿದ್ದಾನೆ. ಅವನೇ ಬೆನ್ನಟ್ಟಿಸಿಕೊಂಡು ಓಡುವವನು. ಅವನು ಕಳ್ಳನಾಗಿರಬಹುದು, ಏನೂ ಅರಿಯದ ನಿರಪರಾಧಿಯಾಗಿರಬಹುದು, ಹೊತ್ತು ಮೀರಿ ಮನೆಗೆ ಹೊರಟ ಒಬ್ಬ ಹೆಣ್ಣುಮಗಳಾಗಿರಬಹುದು. ಬೆನ್ನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿದವರಿಗೆ ಊರು ಕಾಣುವ ಬಗೆಯೇ ಬೇರೆ.

ಈ ಅರಿವು ಯಾರೂ ಬಯಸಿ ಪಡೆಯತಕ್ಕದ್ದಲ್ಲ. ಆದರೆ ಅದನ್ನು ಒಂದು ರಾತ್ರಿಯ ಮಟ್ಟಿಗೆ, ಗಾಯವಿಲ್ಲದೆ, ಕಡವಾಗಿ ಕೊಡುವ ಆಟವೊಂದುಂಟು. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2006ರಲ್ಲಿ ಕೆಲವು ಮಂದಿ ಉತ್ಸಾಹಿಗಳು ಅದನ್ನು ಆರಂಭಿಸಿದರು. ಮುಂದೆ ಅದು ಬೇರೆ ನಗರಗಳಿಗೂ ಹಬ್ಬಿತು. ಅದರ ಹೆಸರು 'ಜರ್ನಿ ಟು ದಿ ಎಂಡ್ ಆಫ್ ದಿ ನೈಟ್'. 'ಇರುಳಿನ ಕೊನೆಗೆ ಪಯಣ' ಎನ್ನೋಣ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ಫ್ರಾನ್ಸಿನ ವೈದ್ಯ ಮತ್ತು ಲೇಖಕ ಸೆಲೀನ್ 1932ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರೂ ಇದೇ. ಆ ಕಾದಂಬರಿಯಲ್ಲಿ ಯುದ್ಧವುಂಟು, ವಸಾಹತಿನ ಕ್ರೌರ್ಯವುಂಟು, ಕಾರ್ಖಾನೆಯ ದುಡಿಮೆಯುಂಟು, ಬೆಳಕಿನ ಭರವಸೆ ಮಾತ್ರ ಬಹಳ ಕಡಿಮೆ. ಅಷ್ಟು ಕತ್ತಲೆಯ ಪುಸ್ತಕದ ಹೆಸರು ಒಂದು ಮುಟ್ಟಾಟಕ್ಕೆ ಬಂದಿತೆಂಬುದು ನಗು ತರಿಸುವ ಸಂಗತಿ.

ಹೌದು, ಇದು ಮೂಲತಃ ಮುಟ್ಟಾಟವೇ. ಕತ್ತಲಾಗುವ ಹೊತ್ತಿಗೆ ಆಟಗಾರರು ಒಂದು ಚೌಕದಲ್ಲಿ ಸೇರುತ್ತಾರೆ. ಪ್ರವೇಶಕ್ಕೆ ಕಾಸಿಲ್ಲ. ತಮ್ಮ ಕ್ಷೇಮಕ್ಕೆ ತಾವೇ ಹೊಣೆಯೆಂಬ ಕಾಗದಕ್ಕೆ ರುಜು ಹಾಕಿದರೆ, ಒಂದು ನಕ್ಷೆಯನ್ನೂ ತೋಳಿಗೆ ಕಟ್ಟಿಕೊಳ್ಳಲು ಬಟ್ಟೆಯ ಪಟ್ಟಿಯನ್ನೂ ಕೊಡುತ್ತಾರೆ. ಆ ಪಟ್ಟಿ ನಮ್ಮ ಹೆಣ್ಣುಮಕ್ಕಳು ಜಡೆಗೆ ಕಟ್ಟುವ ಟೇಪಿನಂಥದು. ಓಡುವವರಿಗೆ ಒಂದು ಬಣ್ಣ, ಬೆನ್ನಟ್ಟುವವರಿಗೆ ಇನ್ನೊಂದು. ನಾನು ಆಡಿದ ರಾತ್ರಿ ನೀಲಿ ಮತ್ತು ಕೆಂಪು. ನಕ್ಷೆಯಲ್ಲಿ ಊರಿನ ಉದ್ದಗಲಕ್ಕೂ ಕೆಲವು ತಾಣಗಳನ್ನು ಗುರುತಿಸಿರುತ್ತಾರೆ. ಅವನ್ನು ಕ್ರಮ ತಪ್ಪದೆ ಒಂದೊಂದಾಗಿ ಮುಟ್ಟಿ, ಅಲ್ಲಿ ಕಾದಿರುವವರಿಂದ ನಕ್ಷೆಯ ಮೇಲೆ ಸಹಿ ಹಾಕಿಸಿಕೊಂಡು, ಕೊನೆಯ ತಾಣವನ್ನು ಸೇರಬೇಕು. ಚೌಕಾಬಾರ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಆ ಆಟದಲ್ಲಿ ಕಟ್ಟೆಯ ಮನೆಯಲ್ಲಿ ಕುಳಿತ ಕಾಯನ್ನು ಹೊಡೆಯುವಂತಿಲ್ಲ. ಇಲ್ಲಿಯೂ ಪ್ರತಿಯೊಂದು ತಾಣದ ಸುತ್ತ ಒಂದಿಷ್ಟು ದೂರ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಆದುದರಿಂದ ಅವನ್ನು ನಾನು ಕಟ್ಟೆಗಳೆಂದೇ ಕರೆಯುತ್ತೇನೆ. ಕಟ್ಟೆಯಿಂದ ಕಟ್ಟೆಗೆ ನಡುವಣ ದಾರಿಯೇ ಅಪಾಯ. ಸ್ವಂತ ಮೋಟಾರಿಲ್ಲ, ಸೈಕಲ್ಲಿಲ್ಲ, ಕಾಲೇ ವಾಹನ.

ಸಿಕ್ಕಿಬಿದ್ದರೆ ಏನಾಗುತ್ತದೆ? ಈ ಆಟದ ಜೀವವಿರುವುದು ಆ ಒಂದು ನಿಯಮದಲ್ಲಿ. ಮುಟ್ಟಿಸಿಕೊಂಡವನು ಮನೆಗೆ ಹೋಗುವುದಿಲ್ಲ. ತನ್ನ ನೀಲಿ ಪಟ್ಟಿಯನ್ನು ಬಿಚ್ಚಿ ಹಿಡಿದವನ ಕೈಗೆ ಕೊಟ್ಟು, ಕೆಂಪು ಪಟ್ಟಿಯನ್ನು ಕಟ್ಟಿಕೊಂಡು, ತಾನೇ ಬೆನ್ನಟ್ಟುವವನಾಗುತ್ತಾನೆ. ನಮ್ಮ ಹುಡುಗರ ಸರಪಳಿ ಆಟದಲ್ಲಿ ಸಿಕ್ಕವನು ಹಿಡಿದವನ ಕೈಹಿಡಿದು ಸರಪಳಿಯ ಕೊಂಡಿಯಾಗುತ್ತಾನಲ್ಲವೆ? ಅದೇ ನ್ಯಾಯ. ಹೀಗಾಗಿ ರಾತ್ರಿ ಬೆಳೆದಂತೆಲ್ಲ ಓಡುವವರು ಕಡಿಮೆಯಾಗುತ್ತಾರೆ, ಅಟ್ಟುವವರು ಹೆಚ್ಚುತ್ತಾರೆ. ಮೊದಲ ಕಟ್ಟೆಯಲ್ಲಿ ಜೊತೆಗೆ ನಿಂತು ನಕ್ಕವನು ಮೂರನೆಯ ಕಟ್ಟೆಯ ಹೊರಗೆ ನಿಮಗಾಗಿ ಹೊಂಚು ಹಾಕುತ್ತಿರುತ್ತಾನೆ.

ಬೆನ್ನಟ್ಟುವ ಆಟ ಪಶ್ಚಿಮದವರಿಗೆ ಹೊಸದಲ್ಲ. ಇಂಗ್ಲೆಂಡಿನ ಶ್ರೂಸ್‌ಬರಿ ಶಾಲೆಯ ಹುಡುಗರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ 'ಮೊಲ ಮತ್ತು ಬೇಟೆನಾಯಿ' ಎಂಬ ಓಟವನ್ನು ಆಡುತ್ತಿದ್ದರು. ಮೊಲವಾದ ಹುಡುಗ ಕಾಗದದ ಚೂರುಗಳನ್ನು ಚೆಲ್ಲುತ್ತ ಹೊಲಗದ್ದೆಗಳಲ್ಲಿ ಓಡುವನು. ನಾಯಿಗಳಾದವರು ಆ ಜಾಡನ್ನು ಹಿಡಿದು ಹಿಂಬಾಲಿಸುವರು. ಇಂದಿನ ಕ್ರಾಸ್ ಕಂಟ್ರಿ ಓಟದ ಮೂಲ ಅಂಥ ಆಟಗಳಲ್ಲಿದೆ. 1938ರಲ್ಲಿ ಕೌಲಾಲಂಪುರದಲ್ಲಿದ್ದ ಕೆಲವರು ಬ್ರಿಟಿಷರು ಅದನ್ನೇ 'ಹ್ಯಾಶ್ ಹೌಸ್ ಹ್ಯಾರಿಯರ್ಸ್' ಎಂಬ ಕೂಟವಾಗಿ ಬೆಳೆಸಿದರು. ಆದರೆ ಅವೆಲ್ಲ ಬಯಲಿನ ಓಟಗಳು. ಆಟಕ್ಕೆ ಸೇರದ ಸಾವಿರಾರು ಜನರು ತಮ್ಮ ಪಾಡಿಗೆ ತಾವು ನಡೆದಾಡುತ್ತಿರುವ ಮಹಾನಗರವೊಂದರ ನಡುವೆ, ಅದೂ ರಾತ್ರಿಯ ಹೊತ್ತು ಆಡುವುದು ಬೇರೆಯೇ ಮಾತು. ಎಷ್ಟು ಬೇರೆ ಎಂಬುದು ನನಗೆ ಆಡಿದ ಮೇಲೆ ತಿಳಿಯಿತು.

ನಾನು ಆಡಿದುದು ಈಗ್ಗೆ ಹತ್ತು ವರ್ಷಗಳಿಗೂ ಹಿಂದೆ. ಕಾಲೇಜಿನ ರಜೆಯಲ್ಲಿ ಅಕ್ಕನ ಮಗಳನ್ನು ನೋಡಿಬರಲು ಹೋಗಿದ್ದೆ. ಅವಳು ಆಗ ಅಲ್ಲಿ ಸಂಶೋಧನೆಯ ವಿದ್ಯಾರ್ಥಿನಿ. ಒಂದು ಸಂಜೆ ಕಾಫಿ ಲೋಟವನ್ನು ನನ್ನ ಮುಂದಿಡುತ್ತ, "ಮಾವ, ಶನಿವಾರ ರಾತ್ರಿ ಒಂದು ಆಟವಿದೆ, ನೀವೂ ಬನ್ನಿ" ಎಂದಳು.

"ಇಸ್ಪೀಟೇನು?" ಎಂದೆ.

"ಅಲ್ಲ, ಮುಟ್ಟಾಟ."

"ಯಾರ ಮನೆಯ ಮಕ್ಕಳು?"

"ಮಕ್ಕಳಲ್ಲ ಮಾವ, ದೊಡ್ಡವರೇ. ಊರೆಲ್ಲ ಓಡಬೇಕು."

ಈ ವಿಷಯದಲ್ಲಿ ನನ್ನ ಮೊಣಕಾಲುಗಳ ಅಭಿಪ್ರಾಯವನ್ನೂ ಕೇಳಬೇಕಾಗುತ್ತದೆ ಎಂದೆ. ಅವಳು ಬಿಡಲಿಲ್ಲ. "ಜೋರಾಗಿ ಓಡುವವರೇ ಮೊದಲು ಸಿಕ್ಕಿಬೀಳುವುದು. ನಿಂತು ನೋಡಿ ನಡೆಯುವವರು ಬಹಳ ದೂರ ಹೋಗುತ್ತಾರೆ. ಅಮ್ಮನಿಗೆ ಮಾತ್ರ ಈಗಲೇ ಹೇಳಬೇಡಿ" ಎಂದಳು. ಹೇಳಿದರೆ ಬೈಸಿಕೊಳ್ಳುವವನು ನಾನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ನಮ್ಮ ಅಕ್ಕನ ಮನೆಯಲ್ಲಿ ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಒಳಗಿರಬೇಕೆಂಬುದು ಇಂದಿಗೂ ಜಾರಿಯಲ್ಲಿರುವ ಕಾನೂನು.

ಶನಿವಾರ ಸಂಜೆ ಫೆರಿ ಕಟ್ಟಡದ ಎದುರಿನ ಚೌಕದಲ್ಲಿ ನೂರಾರು ಜನ ಸೇರಿದ್ದರು. 1898ರಲ್ಲಿ ಕಟ್ಟಿದ ಆ ದೋಣಿ ನಿಲ್ದಾಣದ ಗಡಿಯಾರದ ಗೋಪುರದ ಕೆಳಗೆ ವಿದ್ಯಾರ್ಥಿಗಳು, ಗುಮಾಸ್ತರು, ತಲೆನರೆತ ದಂಪತಿಗಳು, ವಿಚಿತ್ರ ವೇಷದ ಹುಡುಗರು ಎಲ್ಲರೂ ಬೂಟಿನ ದಾರವನ್ನು ಬಿಗಿದುಕೊಳ್ಳುತ್ತಿದ್ದರು. ನಮ್ಮ ನಕ್ಷೆಯಲ್ಲಿ ಐದು ಕಟ್ಟೆಗಳಿದ್ದವು: ಸೌತ್ ಪಾರ್ಕ್ ಎಂಬ ಮೊಟ್ಟೆಯಾಕಾರದ ಪುಟ್ಟ ಉದ್ಯಾನ, ಚೀನೀ ಕೇರಿಯ ಪೋರ್ಟ್ಸ್‌ಮತ್ ಚೌಕ, ನಾರ್ತ್ ಬೀಚಿನ ವಾಷಿಂಗ್ಟನ್ ಚೌಕ, ಟೆಲಿಗ್ರಾಫ್ ಗುಡ್ಡದ ಆಚೆ ಬದಿಯ ಬುಡ, ಕೊನೆಗೆ ಅಕ್ವಾಟಿಕ್ ಪಾರ್ಕಿನ ಕಡಲತೀರ. ಒಟ್ಟು ಏಳೆಂಟು ಕಿಲೋಮೀಟರು. ಕೂಗು ಬಿದ್ದೊಡನೆ ಜನ ಹಕ್ಕಿಗಳಂತೆ ಚೆದರಿದರು. ಒಂದೇ ನಿಮಿಷದಲ್ಲಿ ನಾವಿಬ್ಬರೂ ಒಂದು ಖಾಲಿ ಬೀದಿಯಲ್ಲಿ ನಿಂತಿದ್ದೆವು.

ಸ್ಯಾನ್ ಫ್ರಾನ್ಸಿಸ್ಕೋ ನಗರದ ಬೀದಿಗಳ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. 1847ರಲ್ಲಿ ಜಾಸ್ಪರ್ ಓಫ್ಯಾರೆಲ್ ಎಂಬ ಮೋಜಣಿದಾರನು ಊರಿನ ನಕ್ಷೆ ಎಳೆದಾಗ, ಮಾರ್ಕೆಟ್ ಬೀದಿಯನ್ನು 120 ಅಡಿ ಅಗಲಕ್ಕೆ ಓರೆಯಾಗಿ ಹಾಯಿಸಿದನು. ಅದರ ಉತ್ತರದ ಬೀದಿಗಳು ಒಂದು ದಿಕ್ಕಿಗೆ, ದಕ್ಷಿಣದ ಬೀದಿಗಳು ಇನ್ನೊಂದು ದಿಕ್ಕಿಗೆ. ಎರಡು ಚದುರಂಗದ ಹಲಗೆಗಳನ್ನು ಓರೆಯಾಗಿ ಒತ್ತಿಟ್ಟಂತೆ. ದಕ್ಷಿಣದ ಮನೆಸಾಲುಗಳ ಚೌಕಗಳು ಉತ್ತರದವಕ್ಕಿಂತ ನಾಲ್ಕರಷ್ಟು ದೊಡ್ಡವು. ಹಗಲು ನಡೆಯುವವನಿಗೆ ಇದು ಬರಿಯ ಕುತೂಹಲದ ಸಂಗತಿ. ಓಡುವವನಿಗೆ ಅದರ ಅರ್ಥ ಮೈಗೆ ತಾಕುತ್ತದೆ. ದಕ್ಷಿಣದಲ್ಲಿ ತಿರುವು ಬರುವುದೇ ಇಲ್ಲ. ಉದ್ದನೆಯ ಗೋಡೆಯ ಪಕ್ಕದಲ್ಲಿ ಎರಡು ಕಡೆಯಿಂದಲೂ ಕಾಣುವಂತೆ ಓಡಬೇಕು, ಅಡಗುವುದಕ್ಕೆ ಒಂದು ಸಂದಿಲ್ಲ. ಸೌತ್ ಪಾರ್ಕಿನಲ್ಲಿ ಸಹಿ ಹಾಕಿಸಿಕೊಂಡು ಹಿಂದಿರುಗಿ, ಮಾರ್ಕೆಟ್ ಬೀದಿಯನ್ನು ದಾಟಿ ಉತ್ತರದ ಕಿರುಬೀದಿಗಳನ್ನು ಹೊಕ್ಕಾಗ ನನಗೆ ಮನೆಯೊಳಗೆ ಬಂದಷ್ಟು ನೆಮ್ಮದಿಯಾಯಿತು.

ಅಲ್ಲಿಂದ ಮುಂದೆ ನಾವು ಓಡಿದುದು ನೆಲದ ಮೇಲಲ್ಲ, ಹಡಗುಗಳ ಮೇಲೆ. ಇದು ಅಲಂಕಾರದ ಮಾತಲ್ಲ. 1848ರಲ್ಲಿ ಸುಮಾರು ಸಾವಿರ ಜನರಿದ್ದ ಹಳ್ಳಿಗೆ ಚಿನ್ನದ ಸುದ್ದಿ ಕೇಳಿ ಮರುವರ್ಷ ಜಗತ್ತೇ ಬಂದಿಳಿದಾಗ, ನಾವಿಕರು ಸಹ ಹಡಗುಗಳನ್ನು ಕೊಲ್ಲಿಯಲ್ಲಿ ಬಿಟ್ಟು ಗಣಿಗಳತ್ತ ನಡೆದರು. ಅನಾಥವಾದ ಹಡಗುಗಳಲ್ಲಿ ಕೆಲವು ಉಗ್ರಾಣಗಳಾದವು. ಯೂಫೀಮಿಯಾ ಎಂಬುದು ಸೆರೆಮನೆಯಾಯಿತು. ಆಮೇಲೆ ಕೊಲ್ಲಿಯನ್ನೇ ಮಣ್ಣು ಹಾಕಿ ಮುಚ್ಚಿ ಮೇಲೆ ಬೀದಿಗಳನ್ನು ಕಟ್ಟಿದರು. ಇಂದು ಬ್ಯಾಂಕುಗಳ ಗಾಜಿನ ಗೋಪುರಗಳು ನಿಂತಿರುವುದು ಅಲ್ಲಿಯೇ. ಕ್ಲೇ ಮತ್ತು ಸ್ಯಾನ್ಸಮ್ ಬೀದಿಗಳು ಕೂಡುವಲ್ಲಿ ನಯಾಂಟಿಕ್ ಎಂಬ ಹಡಗಿನ ಅವಶೇಷ 1978ರಲ್ಲಿ ಅಡಿಪಾಯ ತೋಡುವಾಗ ಸಿಕ್ಕಿತು. ಅಕ್ಕನ ಮಗಳು ಆ ಮೂಲೆಯಲ್ಲಿ ನಿಂತು ಇದನ್ನು ನನಗೆ ಪಿಸುಮಾತಿನಲ್ಲಿ ಹೇಳುತ್ತಿದ್ದಾಗ, ಎದುರುಬದಿಯ ಕಂಬದ ಮರೆಯಿಂದ ಕೆಂಪು ಪಟ್ಟಿಯೊಂದು ಹೊರಬಂದಿತು. ಇತಿಹಾಸ ಅಲ್ಲಿಗೇ ನಿಂತಿತು, ನಾವು ಓಡಿದೆವು.

ಕೆವಿನ್ ಲಿಂಚ್ ಎಂಬ ನಗರವಿನ್ಯಾಸದ ವಿದ್ವಾಂಸ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ಊರುಗಳ ನಿವಾಸಿಗಳನ್ನು ಕೇಳಿ ನೋಡಿ 1960ರಲ್ಲಿ ಒಂದು ಪುಸ್ತಕ ಬರೆದನು. ಜನರು ತಮ್ಮ ಊರನ್ನು ಐದು ಬಗೆಯ ವಸ್ತುಗಳಿಂದ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದು ಅವನ ಸಿದ್ಧಾಂತ: ದಾರಿಗಳು, ಅಂಚುಗಳು, ವಲಯಗಳು, ಕೂಡುತಾಣಗಳು, ಹೆಗ್ಗುರುತುಗಳು. ತರಗತಿಯಲ್ಲಿ ಓದಿದಾಗ ಇದು ಬಹಳ ಸಮಂಜಸವಾಗಿ ಕಾಣುತ್ತದೆ. ಆದರೆ ಬೆನ್ನಟ್ಟಿಸಿಕೊಂಡವನಿಗೆ ಈ ಐದರ ಬೆಲೆಯೂ ತಲೆಕೆಳಗಾಗುತ್ತದೆ. ಹೆಗ್ಗುರುತು ಎಲ್ಲರಿಗೂ ಕಾಣುವುದರಿಂದಲೇ ಅಪಾಯ. ಅಟ್ಟುವವರು ಅಲ್ಲಿಯೇ ಕಾದಿರುತ್ತಾರೆ. ಕೂಡುತಾಣವೆಂದರೆ ಬಲೆ. ನೇರವಾದ ದಾರಿ ಶತ್ರು, ಅಂಚು ಮಿತ್ರ. ಮಿಕ್ಕ ರಾತ್ರಿಗಳಲ್ಲಿ ನಮ್ಮನ್ನು ಕೈಹಿಡಿದು ನಡೆಸುವ ಬೀದಿದೀಪ ಆಟದ ರಾತ್ರಿ ನಮ್ಮ ಮೇಲೆ ಚಾಡಿ ಹೇಳುತ್ತದೆ. ನೋಡುವ ಕಣ್ಣು ಯಾವ ಸ್ಥಿತಿಯಲ್ಲಿದೆಯೋ ಊರು ಅದರಂತೆ ಎಂಬುದನ್ನು ನಾನು ಆವರೆಗೆ ವೇದಾಂತದ ಮಾತೆಂದುಕೊಂಡಿದ್ದೆ.

ಪೋರ್ಟ್ಸ್‌ಮತ್ ಚೌಕದ ಕಟ್ಟೆಯನ್ನು ದಾಟಿ ಚೀನೀ ಕೇರಿಯ ಓಣಿಗಳನ್ನು ಹೊಕ್ಕೆವು. ವೇವರ್ಲಿ ಪ್ಲೇಸ್, ರಾಸ್ ಓಣಿ, ಇವು ಬೆಂಗಳೂರಿನ ಅವೆನ್ಯೂ ರಸ್ತೆಯ ಹಿಂದಿನ ಸಂದುಗಳಂತೆಯೇ ಕಿರಿದು. ಮೇಲೆ ಒಣಹಾಕಿದ ಬಟ್ಟೆ, ಕೆಳಗೆ ಮುಚ್ಚಿದ ಅಂಗಡಿಗಳ ಕದ, ಎಲ್ಲಿಂದಲೋ ಎಣ್ಣೆಯಲ್ಲಿ ಕರಿದ ಬೆಳ್ಳುಳ್ಳಿಯ ವಾಸನೆ. ಅಡಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಾನು ಉತ್ಸಾಹದಿಂದ ಹೇಳಿದೆ. ಒಂದು ಕದಕ್ಕೆ ಬೆನ್ನು ಕೊಟ್ಟು ಉಸಿರು ಹಿಡಿದು ನಿಂತಾಗ, ಹಿಂದೆ ಓದಿದುದೊಂದು ನೆನಪಾಗಿ ಆ ಉತ್ಸಾಹ ಇಳಿಯಿತು. 1877ರ ಜುಲೈ ತಿಂಗಳಲ್ಲಿ ಕೆಲಸವಿಲ್ಲದ ಬಿಳಿಯರ ಗುಂಪುಗಳು ಈ ಊರಿನಲ್ಲಿ ಚೀನೀಯರ ಮೇಲೆ ಬಿದ್ದವು. ದೊಂಬಿ ಮೂರು ದಿನ ನಡೆಯಿತು. ಅಗಸರ ಅಂಗಡಿಗಳು ಸುಟ್ಟುಹೋದವು; ನಾಲ್ವರು ಸತ್ತರು. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬಾರದಂತೆ ಕಾನೂನೇ ಆಯಿತು. ಅದು ರದ್ದಾದುದು 1943ರಲ್ಲಿ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಊರು ಬೂದಿಯಾದ ಮೇಲೆ, ಈ ಕೇರಿಯನ್ನು ಊರ ಹೊರಗಟ್ಟುವ ಯೋಚನೆಯನ್ನು ನಗರದ ಮುಖಂಡರು ಮಾಡಿದರು. ಚೀನೀಯರು ಕದಲದೆ ನಿಂತು ಇಲ್ಲಿಯೇ ಮತ್ತೆ ಮನೆ ಕಟ್ಟಿದರು. ಬೆನ್ನ ಹಿಂದಿನ ಹೆಜ್ಜೆಗಳನ್ನು ಈ ಕೇರಿಯವರು ಆಟವಾಗಿ ಕೇಳಿದವರಲ್ಲ. ಅವರು ಓಡುವಾಗ ಕಟ್ಟೆಯೆಂಬುದು ಎಲ್ಲಿಯೂ ಇರಲಿಲ್ಲ.

ಬ್ರಾಡ್‌ವೇ ಬೀದಿಗೆ ಬಂದಾಗ ನಮ್ಮೊಡನೆ ಇನ್ನು ನಾಲ್ವರು ನೀಲಿ ಪಟ್ಟಿಯವರು ಸೇರಿದ್ದರು. ಅವರಲ್ಲಿ ಒಬ್ಬ ಕರಿಯ ಯುವಕ. ಎತ್ತರದ ಆಳು, ಜಿಂಕೆಯ ಕಾಲು. ಓಣಿಗಳಲ್ಲಿ ನಮ್ಮನ್ನೆಲ್ಲ ಹಿಂದೆ ಬಿಟ್ಟು ಓಡಿದವನು. ಬ್ರಾಡ್‌ವೇಯಲ್ಲಿ ದೀಪಗಳ ಝಗಝಗ, ಹೋಟೆಲುಗಳ ಮುಂದೆ ಜನಸಂದಣಿ, ಮೂಲೆಯಲ್ಲಿ ಪೊಲೀಸರ ಕಾರು. ಅಲ್ಲಿಗೆ ಬಂದೊಡನೆ ಅವನು ಓಟವನ್ನು ನಿಲ್ಲಿಸಿ, ಎರಡು ಕೈಗಳೂ ಕಾಣುವಂತೆ ಇಳಿಬಿಟ್ಟು, ಸಂಜೆಯ ಗಾಳಿಗೆ ಹೊರಟವನಂತೆ ನಿಧಾನವಾಗಿ ನಡೆಯತೊಡಗಿದನು. ಹಿಂದೆ ಕೆಂಪು ಪಟ್ಟಿಯವರು ಬರುತ್ತಿದ್ದರು. ಓಡುವುದಿಲ್ಲವೇಕೆ ಎಂದು ನಾನು ಕೇಳಿದೆ. ಅವನು ಬೇಸರವೇನೂ ಇಲ್ಲದೆ ನಕ್ಕು, "ಈ ಬೀದಿಯಲ್ಲಿ ನಾನು ಓಡುವುದಿಲ್ಲ. ಓಡಿದರೆ ಆಟದಲ್ಲಿ ಇಲ್ಲದವರೂ ನನ್ನನ್ನು ಅಟ್ಟಲು ಶುರುಮಾಡಬಹುದು" ಎಂದನು. ಅರ್ಧ ನಿಮಿಷದಲ್ಲಿ ಅವನನ್ನು ಮುಟ್ಟಿದರು. ತನ್ನ ಪಟ್ಟಿಯನ್ನು ಬಿಚ್ಚಿಕೊಟ್ಟು, ನಮಗೆ ಓಡಿರೆಂದು ಕೈಸನ್ನೆ ಮಾಡಿದನು. ಅವನು ಸೋತುದು ಕಾಲಿನ ಬಲ ಸಾಲದೆ ಅಲ್ಲ.

ವಾಷಿಂಗ್ಟನ್ ಚೌಕದ ಕಟ್ಟೆಯಿಂದ ಟೆಲಿಗ್ರಾಫ್ ಗುಡ್ಡಕ್ಕೆ ಏರಬೇಕು. ಆ ಫಿಲ್ಬರ್ಟ್ ಬೀದಿ ಬೀದಿಯಲ್ಲ, ನಿಲ್ಲಿಸಿದ ಗೋಡೆ. ನನ್ನ ಮೊಣಕಾಲುಗಳು ತಮ್ಮ ಅಭಿಪ್ರಾಯವನ್ನು ಅಲ್ಲಿ ನಿಸ್ಸಂದಿಗ್ಧವಾಗಿ ತಿಳಿಸಿದವು. ಶಿಖರದಲ್ಲಿ 1933ರಲ್ಲಿ ಮುಗಿದ 210 ಅಡಿಯ ಕಾಯ್ಟ್ ಗೋಪುರ. ಅದರ ಆಚೆ ಬದಿಗೆ ಗುಡ್ಡವನ್ನು ಇಳಿಯುವ ಮೆಟ್ಟಿಲುಗಳು. ಎರಡು ಪಕ್ಕದಲ್ಲಿಯೂ ಮನೆಗಳ ತೋಟ, ಎಲೆಗಳ ಕತ್ತಲೆ, ಕೆಳಗೆ ಕೊಲ್ಲಿಯ ನೀರಿನ ಮೇಲೆ ಹಡಗಿನ ದೀಪಗಳು. ಹಗಲಿನಲ್ಲಿ ಈ ಗುಡ್ಡದ ಕಾಡುಗಿಳಿಗಳು ಇಲ್ಲಿ ಗದ್ದಲವೆಬ್ಬಿಸುತ್ತವೆ. ಆ ಹೊತ್ತಿನಲ್ಲಿ ಅವೂ ಮಲಗಿದ್ದವು. ನೇಪಿಯರ್ ಲೇನ್ ಎಂಬ ಹಲಗೆ ಹಾಸಿದ ಓಣಿಯ ಬಾಯಿಗೆ ಬಂದಾಗ, ಹಲಗೆಗಳು ಕಿರುಗುಟ್ಟಿದವು. ನಮ್ಮ ಕಾಲ ಕೆಳಗಿನವಲ್ಲ, ಪಕ್ಕದವು. ಒಬ್ಬ ಹುಡುಗಿ ಕತ್ತಲೆಯಿಂದ ಚಿಮ್ಮಿ ಬಂದು ನನ್ನ ಭುಜವನ್ನು ಹೂವಿನಷ್ಟು ಮೆಲ್ಲಗೆ ಮುಟ್ಟಿ, "ಕ್ಷಮಿಸಿ ಸಾರ್" ಎಂದಳು. ಅವಳು ನನ್ನ ಪಟ್ಟಿಯನ್ನು ಪಡೆಯುವಷ್ಟರಲ್ಲಿ ಅಕ್ಕನ ಮಗಳು ಮೂವತ್ತು ಮೆಟ್ಟಿಲು ಕೆಳಗಿದ್ದಳು. ಮಾವನನ್ನು ಬಿಟ್ಟು ಓಡುವುದೇ ಅಲ್ಲಿ ಧರ್ಮ.

ಕೆಂಪು ಪಟ್ಟಿ ಕಟ್ಟಿಕೊಂಡೊಡನೆ ನಡೆದ ಬದಲಾವಣೆಯನ್ನು ಹೇಗೆ ಹೇಳಲಿ? ಎರಡು ಗಂಟೆಗಳ ಕಾಲ ಎದೆಯಲ್ಲಿ ಕುಳಿತಿದ್ದ ಭಯ ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಬೀದಿ ಮತ್ತೆ ಬೀದಿಯಾಯಿತು, ದೀಪ ದೀಪವಾಯಿತು. ನನಗೆ ಹೆದರಿಕೆಯಾಗಿದ್ದ ಪ್ರತಿಯೊಂದು ಕತ್ತಲ ಮೂಲೆಯೂ ಈಗ ನನಗೆ ಅನುಕೂಲವಾದ ಸ್ಥಳವಾಗಿ ತೋರಿತು. ಅಧಿಕಾರ ಮನುಷ್ಯನಿಗೆ ಇಷ್ಟು ಬೇಗ ಒಗ್ಗುತ್ತದೆಯೇ ಎಂದು ನನಗೇ ಬೆರಗಾಯಿತು. ಬಲ್ಲವರು ಹೇಳುವಂತೆ ನಾನೂ ಹೊಂಚುವ ಜಾಗವೊಂದನ್ನು ಆರಿಸಿದೆ. ಗುಡ್ಡದ ಬುಡದಲ್ಲಿ, ಕಟ್ಟೆಯ ರಕ್ಷಣೆಯ ಗೆರೆಯಾಚೆ, ಒಂದು ಹಳೆಯ ಇಟ್ಟಿಗೆಯ ಉಗ್ರಾಣದ ನೆರಳಿನಲ್ಲಿ ನಿಂತೆ. ನೀಲಿ ಪಟ್ಟಿಯ ಹುಡುಗನೊಬ್ಬ ಬಂದನು, ಅಟ್ಟಿದೆ, ಅವನು ನಗುತ್ತ ಕೈಗೆ ಸಿಗದೆ ಹೋದನು. ಮತ್ತೆ ನೆರಳಿಗೆ ಬಂದು ನಿಂತೆ.

ಆಗ ಆ ಬೀದಿಯಲ್ಲಿ ಒಬ್ಬ ಹೆಂಗಸು ಬಂದಳು. ನಲವತ್ತರ ವಯಸ್ಸು, ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೆಲಸ ಮುಗಿಸಿ ಮನೆಗೆ ಹೊರಟ ದಣಿದ ನಡಿಗೆ. ತೋಳಿನಲ್ಲಿ ಯಾವ ಬಣ್ಣವೂ ಇಲ್ಲ. ಅವಳು ನನ್ನನ್ನು ಕಂಡಳು. ನಡಿಗೆ ಒಂದು ಕ್ಷಣ ತಡೆಯಿತು. ಅವಳು ಚೀಲವನ್ನು ಮೈಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬೀಗದ ಕೈಯನ್ನು ಬೆರಳುಗಳ ನಡುವೆ ಹಿಡಿದುಕೊಂಡು, ರಸ್ತೆಯನ್ನು ದಾಟಿ ಆಚೆ ಬದಿಗೆ ಹೋದಳು. ಹೋಗುತ್ತ ಎರಡು ಸಲ ಹಿಂದಿರುಗಿ ನೋಡಿದಳು. ನಾನು ದೀಪದ ಬೆಳಕಿಗೆ ಬಂದು ನಿಂತು, ತೋಳಿನ ಪಟ್ಟಿಯನ್ನು ತೋರಿಸಿ, ಇದು ಆಟ ಎಂದು ಕೂಗಿ ಹೇಳಿದೆ. ಅವಳು ಇನ್ನೂ ಬೇಗ ನಡೆದಳು. ಹೇಗೆ ನಡೆಯದಿದ್ದಾಳು? ಪಟ್ಟಿಯ ಅರ್ಥ ಆಟದೊಳಗಿನವರಿಗೆ ಮಾತ್ರ ತಿಳಿದದ್ದು. ಅವಳ ಪಾಲಿಗೆ ನಾನು ಕತ್ತಲೆಯಲ್ಲಿ ನಿಂತ ಒಬ್ಬ ಗಂಡಸು, ಅಷ್ಟೇ. ಮುನ್ನೂರು ಜನ ಒಂದು ರಾತ್ರಿಗೆಂದು ಕಡ ತಂದ ಭಯ ಅವಳ ಮನೆಯ ಸ್ವಂತ ಆಸ್ತಿ. ಆ ಬೀದಿಯಲ್ಲಿ ನಾನು ಮತ್ತೆ ಹೊಂಚಲಿಲ್ಲ. ಕಡಲ ದಂಡೆಯ ದೀಪಗಳ ಸಾಲಿನಲ್ಲಿ ನಡುರಸ್ತೆಯಲ್ಲಿಯೇ ನಡೆದು ಕೊನೆಯ ಕಟ್ಟೆಗೆ ಹೋದೆ.

ಅಕ್ವಾಟಿಕ್ ಪಾರ್ಕಿನಲ್ಲಿ ಅಕ್ಕನ ಮಗಳು ಆಗಲೇ ತಲುಪಿದ್ದಳು. ಐದೂ ಸಹಿಗಳಿದ್ದ ನಕ್ಷೆಯನ್ನು ಪದವಿಪತ್ರದಂತೆ ಹಿಡಿದು ತೋರಿಸಿದಳು. ಎದುರಿಗೆ ಕತ್ತಲ ನೀರಿನಾಚೆ ಆಲ್ಕಟ್ರಾಜ್ ದ್ವೀಪದ ದೀಪ ಮಿನುಗುತ್ತಿತ್ತು. 1934ರಿಂದ 1963ರವರೆಗೆ, ಓಡಿಹೋಗುವವರನ್ನು ಓಡದಂತೆ ಇಡುವುದಕ್ಕೆಂದೇ ಅಲ್ಲಿ ಸೆರೆಮನೆಯಿದ್ದಿತು. ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ನಾನು ಆ ಹೆಂಗಸಿನ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಈ ಊರಿಗೆ ಬಂದು ಮೂರು ವರ್ಷವಾಯಿತು. ರಾತ್ರಿ ನಾನು ಧೈರ್ಯವಾಗಿ ನಡೆದದ್ದು ಇವತ್ತೇ" ಎಂದಳು.

"ನೂರು ಜನ ಅಟ್ಟುತ್ತಿದ್ದಾಗಲೋ?"

"ಅದಕ್ಕೇ ಧೈರ್ಯ. ಅಟ್ಟುವವರು ಯಾರೆಂದು ತೋಳಿನ ಮೇಲೆ ಕಟ್ಟಿಕೊಂಡಿದ್ದರಲ್ಲ. ಮಿಕ್ಕ ದಿನ ಯಾರು ಕಟ್ಟಿಕೊಂಡಿರುತ್ತಾರೆ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆಟವೆಂದರೇನು ಎಂಬ ಪ್ರಶ್ನೆಗೆ, ಓದಿದ ಪುಸ್ತಕಗಳಲ್ಲಿ ಸಿಗದಿದ್ದ ಲಕ್ಷಣ ಅದರಲ್ಲಿ ಸಿಕ್ಕಿತು. ಆಟದಲ್ಲಿ ಅಟ್ಟುವವನು ಗುರುತು ಕಟ್ಟಿಕೊಂಡು ಅಟ್ಟುತ್ತಾನೆ, ಮುಟ್ಟುವುದು ಬೆರಳ ತುದಿಯಿಂದ, ಕಟ್ಟೆಗಳಿರುತ್ತವೆ, ಸಿಕ್ಕಿದವನಿಗೂ ಸಿಕ್ಕ ಮೇಲೆ ಒಂದು ಸ್ಥಾನವಿರುತ್ತದೆ, ಇರುಳಿಗೆ ಒಂದು ಕೊನೆಯಿರುತ್ತದೆ. ಇವುಗಳಲ್ಲಿ ಒಂದೊಂದನ್ನೇ ತೆಗೆಯುತ್ತ ಬನ್ನಿ. ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಬೇಟೆ.

ಆ ಬೇಟೆ ಎಷ್ಟು ಹತ್ತಿರದಲ್ಲಿದೆ ಎಂಬುದು ಮುಂದೆ ಒಂದು ಸುದ್ದಿಯಿಂದ ತಿಳಿಯಿತು. 2020ರ ಫೆಬ್ರವರಿ 23ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಹ್ಮಾಡ್ ಆರ್ಬೆರಿ ಎಂಬ 25 ವರ್ಷದ ಕರಿಯ ಯುವಕ ಹಾಡುಹಗಲಿನಲ್ಲಿ ಒಂದು ಬಡಾವಣೆಯ ರಸ್ತೆಯಲ್ಲಿ ಓಡುತ್ತಿದ್ದನು. ಮೂವರು ಬಿಳಿಯರು ಅವನನ್ನು ಕಳ್ಳನೆಂದು ಬಗೆದು ಮೋಟಾರುಗಳಲ್ಲಿ ಬೆನ್ನಟ್ಟಿದರು. ಅಡ್ಡಗಟ್ಟಿ ಗುಂಡಿಕ್ಕಿ ಕೊಂದರು. 2021ರ ನವೆಂಬರಿನಲ್ಲಿ ಆ ಮೂವರೂ ಕೊಲೆಯ ಅಪರಾಧಿಗಳೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಬ್ರಾಡ್‌ವೇಯ ಬೆಳಕಿನಲ್ಲಿ ಕೈಗಳನ್ನು ಇಳಿಬಿಟ್ಟು ನಡೆದ ಆ ಎತ್ತರದ ಹುಡುಗನ ನಗುವನ್ನು ನಾನು ಸುದ್ದಿ ಓದುತ್ತ ಮತ್ತೆ ಕಂಡೆ. ಅವನು ಹೇಳಿದುದು ವಿನೋದವಲ್ಲ. ತನ್ನ ಊರಿನ ನಕ್ಷೆಯನ್ನು ಅವನು ನಮಗಿಂತ ಚೆನ್ನಾಗಿ ಓದಿದ್ದನು.

ನಮ್ಮ ಕಡೆಯೂ ಈ ಯೋಚನೆ ಹೊಸದಲ್ಲ. ಕಲಾವಿದೆ ಜಸ್ಮೀನ್ ಪಥೇಜಾ 2003ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ 'ಬ್ಲಾಂಕ್ ನಾಯ್ಸ್' ಎಂಬ ಪ್ರಯತ್ನದಲ್ಲಿ ಹೆಣ್ಣುಮಕ್ಕಳು ಬೀದಿಗಳಲ್ಲಿ ಸುಮ್ಮನೆ ನಿಂತರು. ಉದ್ಯಾನಗಳಲ್ಲಿ ಹೋಗಿ ನೆಲದ ಮೇಲೆ ಮಲಗಿ ನಿದ್ದೆಮಾಡಿದರು. ಯಾವ ಕೆಲಸವೂ ಇಲ್ಲದೆ ಊರಿನಲ್ಲಿ ಅಲೆಯುವ ಹಕ್ಕು ಹೆಣ್ಣಿಗೂ ಉಂಟೆಂದು ವಾದಿಸುವ 'ವೈ ಲಾಯ್ಟರ್?' ಎಂಬ ಪುಸ್ತಕವನ್ನು ಮುಂಬಯಿಯ ಮೂವರು ಲೇಖಕಿಯರು 2011ರಲ್ಲಿ ಪ್ರಕಟಿಸಿದರು. ಇದೆಲ್ಲ ಹುಡುಗಾಟವೆಂದು ನಗುವವರುಂಟು. ಆ ರಾತ್ರಿಗೆ ಮುಂಚೆ ನನ್ನನ್ನು ಕೇಳಿದ್ದರೆ ನಾನೂ ಮುಗುಳ್ನಗುತ್ತಿದ್ದೆನೇನೋ. ಈಗ ನನಗೆ ತೋರುವುದು ಇಷ್ಟು: ಆಟವೆಂಬುದು ಇನ್ನೂ ಹುಟ್ಟದ ಒಂದು ಊರಿನಿಂದ ನಿಯಮಗಳನ್ನು ಕಡ ತಂದು ಒಂದು ರಾತ್ರಿ ನಮ್ಮ ಊರಿನಲ್ಲಿ ನಡೆಸಿ ತೋರಿಸುತ್ತದೆ. ಆ ರಾತ್ರಿ ನಡೆಯುವುದಾದರೆ ಮಿಕ್ಕ ರಾತ್ರಿಗಳಲ್ಲಿ ಏಕೆ ನಡೆಯಬಾರದು ಎಂದು ಕೇಳುವ ಕೆಲಸ ಆಡಿದವರ ಪಾಲಿಗೆ ಉಳಿಯುತ್ತದೆ.

ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಹಡಗಿನ ಕಥೆ, ಗುಡ್ಡದ ಕಥೆ, ಮಗಳು ಐದು ಸಹಿ ಹಾಕಿಸಿಕೊಂಡು ಗೆದ್ದ ಕಥೆ. ಬೈಗುಳಕ್ಕೆ ಸಿದ್ಧನಾಗಿಯೇ ಕುಳಿತಿದ್ದೆ. ಅಕ್ಕ ಅಕ್ಕಿ ಆರಿಸುವ ಮೊರದಿಂದ ಕಣ್ಣೆತ್ತದೆ ಪೂರ್ತಿ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: "ಅವಳು ಮನೆ ಸೇರಿದ್ದು ಎಷ್ಟು ಹೊತ್ತಿಗೆ?"

"ಹನ್ನೆರಡು ದಾಟಿತ್ತು" ಎಂದೆ.

"ನೀನು ಜೊತೆಯಲ್ಲಿದ್ದೆಯಲ್ಲ?" ಎಂದಳು.

ಇದ್ದೆ ಎಂದೆ. ಅವಳು ಸಮಾಧಾನದಿಂದ ಮತ್ತೆ ಕಲ್ಲು ಆರಿಸತೊಡಗಿದಳು.